ಜಾಕೀಟಿನ ಹೊಟ್ಟೆಗೊಂದು ಕಾಳು

ಲುಧಿಯಾನಾ ಸ್ಟೇಷನ್ನಿನಿಂದ ಹೊರಬಿದ್ದಾಗ ಬೆಳಗಿನ ಎಂಟು ಗಂಟೆ. ಮಂಜಿನೊಳಗೆ ಊರಿಗೆ ಊರೇ ಕೌದಿ ತೊಟ್ಟುಕೊಂಡು ಓಡಾಡುತ್ತಿತ್ತು! ರಿಕ್ಷಾದವನು, ಚಹಾದವನು, ಶಾಲೆಗೆ ಹೊರಟ ಹುಡುಗಿಯರು, ಎಲ್ಲರ ಮೈಮೇಲೂ ಸಾಲುಸಾಲು ಹೊಲಿಗೆಯ ದಪ್ಪ ಬಟ್ಟೆ. ನಮ್ಮ ಬೈಲಹೊಂಗಲದಲ್ಲಿ ಕೌದಿಯನ್ನು ಹಾಸುತ್ತೇವೆ, ಹೊದೆಯುತ್ತೇವೆ. ಅದಕ್ಕೆ ತೋಳು ಹಚ್ಚಿ ಜೇಬು ಇಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

"ಜಾಕೀಟ್ ಅಂತಾರ ಇದಕ್ಕ. ನೀನೂ ಒಂದ ತಗೋ, ಇಲ್ಲಂದ್ರ ಸೆಟೆದ ಹೋಗ್ತಿ," ಅಂದರು ನಮ್ಮ ಮನೆಯವರು. ಅವರು ಲಾರಿ ಚಾಲಕರು; ತೊಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಅಲ್ಲಿ ಕೆಲಸ ಸಿಕ್ಕಿದ್ದರಿಂದ ನಾನೂ ಬಂದಿದ್ದೆ.

"ಸೀರಿ ಮ್ಯಾಲ ಅದನ್ನ ಹಾಕ್ಕೊಂಡ್ರ ಹತ್ತಿ ತುಂಬಿದ ಅಂಡಗಿ ಕಂಡಂಗ ಕಾಣ್ತೇನ್ರಿ," ಎಂದು ಎರಡು ಶಾಲು ಸುತ್ತಿಕೊಂಡು ನಡುಗಿದೆ. ನನ್ನ ಮೊಂಡುತನ ಎರಡೇ ದಿನ ಬಾಳಿತು.

ಹಾಕಿಕೊಂಡ ಮೇಲೆ ಒಪ್ಪಲೇಬೇಕಾಯಿತು. ನಮ್ಮ ಕೌದಿ ಒಗೆಯಲು ಮಲಪ್ರಭೆಗೆ ಇಬ್ಬರು ಹೋಗಬೇಕು, ಆ ತುದಿ ಒಬ್ಬರು ಈ ತುದಿ ಒಬ್ಬರು ಹಿಡಿದು ಹಿಂಡಬೇಕು. ಜಾಕೀಟನ್ನು ಒಬ್ಬಳೇ ಬಕೆಟ್ಟಿನಲ್ಲಿ ಅದ್ದಿ ಹಾಕಬಹುದು. ಕೌದಿ ಹೊದ್ದವರು ಕುಳಿತಲ್ಲೇ ಕೂರಬೇಕು, ಜಾಕೀಟು ತೊಟ್ಟು ರೊಟ್ಟಿ ಬಡಿಯಬಹುದು. ಒಳಗೆ ತುಂಬಿದ್ದಕ್ಕೆ ಅಲ್ಲಿ ಭರಾಯಿ ಅನ್ನುತ್ತಾರೆ. ಅದು ಜಾರಿ ಕೆಳಗೆ ಗಂಟಾಗದಂತೆ ಹೊಲಿಗೆಯ ಸಾಲುಗಳು ಹಿಡಿದಿರುತ್ತವೆ. ಆದರೆ ಅದರಲ್ಲಿ ಯಾರ ಹಳೆಯ ಸೀರೆಯೂ ಇರುವುದಿಲ್ಲ, ಯಾರ ನೆನಪೂ ಬರುವುದಿಲ್ಲ.

ಮರುವರ್ಷ ನನಗೆ ಜಾಕೀಟು ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದವಳು ರಾಮದುರ್ಗದ ಮಹಬೂಬಿ. ಅವಳ ಗಂಡನೂ ಲಾರಿ ಓಡಿಸುತ್ತಿದ್ದ. ಇಡೀ ಓಣಿಯಲ್ಲಿ ಕನ್ನಡ ಆಡಲು ನನಗಿದ್ದವಳು ಅವಳೊಬ್ಬಳೇ. ಕಾರ್ಖಾನೆಯವರು ನಮ್ಮಿಬ್ಬರನ್ನೂ ಮದ್ರಾಸಿಗಳು ಅನ್ನುತ್ತಿದ್ದರು. ಮದ್ರಾಸು ಯಾವ ದಿಕ್ಕಿಗಿದೆಯೋ, ನನಗೆ ಇಂದಿಗೂ ಗೊತ್ತಿಲ್ಲ.

ಜಾಕೀಟನ್ನು ಒಳಮೈ ಹೊರಗೆ ಮಾಡಿ ಹೊಲಿದು, ಒಳಬದಿಯ ಅಸ್ತರಿನಲ್ಲಿ ಬಿಟ್ಟ ಸಣ್ಣ ಬಾಯಿಯಿಂದ ತಿರುವಿ ಹಾಕುತ್ತಾರೆ. ಆ ಬಾಯಿಯನ್ನು ಕೈಯಿಂದ ಹೊಲಿದು ಮುಚ್ಚುವುದು ನಮ್ಮಿಬ್ಬರ ಕೆಲಸ. ನನ್ನ ಫಜೀತಿ ಅಲ್ಲಿಯೇ ಶುರುವಾದದ್ದು. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಜೋಳದ ಕಾಳು ಹಾಕುವ ರೂಢಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲವೆಂದು ಅವ್ವ ನಂಬಿದ್ದಳು. ದೊಡ್ಡವರ ಜಾಕೀಟು ಹೇಗೋ ಮುಚ್ಚಿದೆ. ಅಂಗೈಯಗಲದ ಬೆನ್ನಿನ ಕೂಸುಗಳ ಜಾಕೀಟು ಬಂದಾಗ ಖಾಲಿ ಹೊಟ್ಟೆ ಹೊಲಿಯಲು ನನ್ನ ಕೈಯೇ ಏಳಲಿಲ್ಲ. ಊರಿನ ಜೋಳವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ, ಒಂದೊಂದಕ್ಕೆ ಒಂದೊಂದು ಕಾಳು ಹಾಕಿದೆ.

ಮೂರನೆಯ ದಿನ ತಪಾಸಣೆಯವಳು ನಮ್ಮ ಮೇಜಿನ ಬಳಿ ನಿಂತಳು. ಅವಳನ್ನು ಎಲ್ಲರೂ ಬೆಹನ್‌ಜೀ, ಅಂದರೆ ಅಕ್ಕನವರೇ, ಅನ್ನುತ್ತಿದ್ದರು. ಜಾಕೀಟು ಸವರುತ್ತಿದ್ದ ಅವಳ ಅಂಗೈ ತಟ್ಟನೆ ನಿಂತಿತು. ಮುರಿದ ಸೂಜಿ! ಕೂಸಿನ ಬಟ್ಟೆಯಲ್ಲಿ! ಎಂದು ಕೂಗಿದಳು. ಮಷಿನ್‌ಗಳೆಲ್ಲ ನಿಂತವು. ಕತ್ತರಿ ಹಾಕಿದರೆ ಜೋಳದ ಕಾಳು ಉದುರಿತು. ಇನ್ನೊಂದು ಬಿಚ್ಚಿದಳು, ಅದರಲ್ಲೂ ಕಾಳು. ಕಾಳಿದ್ದರೆ ಹುಳ ಬೀಳುತ್ತದೆ, ಮಾಲೆಲ್ಲ ವಾಪಸು ಬರುತ್ತದೆ ಅಂದಳು. ಮಾಡಿದ್ದು ಯಾರೆಂದು ಕೇಳಿದಳು. ನಮ್ಮ ಡಬ್ಬಿ ತೆರೆಸಿದಾಗ ನನ್ನದರಲ್ಲಿ ಅಂದು ಅನ್ನವಿತ್ತು, ಮಹಬೂಬಿಯದರಲ್ಲಿ ಜೋಳದ ರೊಟ್ಟಿ ಇತ್ತು. ಅಷ್ಟೇ ಸಾಕಾಯಿತು, ನಾಳೆಯಿಂದ ಬರಬೇಡ ಎಂದುಬಿಟ್ಟಳು.

ನಾನು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದೆ. ದಾರ ಪೋಣಿಸಿಯಾಗಿತ್ತು, ಮತ್ತೆ ತೆಗೆದು ಪೋಣಿಸಿದೆ. ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತಿತ್ತು. ಆ ಹೊತ್ತು ನೆನೆದರೆ ಇಂದಿಗೂ ನನ್ನ ಮೇಲೆ ನನಗೆ ಹೇಸಿಗೆ.

ಊಟದ ಬಿಡುವಿನಲ್ಲಿ ಮಹಬೂಬಿ ಪಕ್ಕಕ್ಕೆ ಬಂದು ಕುಳಿತಳು. "ಅಕ್ಕಾ, ನಿಮ್ಮ ಮನ್ಯಾಗ ಕೌದಿಗಿ ಕಾಳ ಹಾಕ್ತಾರಂತ ನೀನ ಹೇಳಿದ್ದಿ. ನಾ ಆಕಿ ಮುಂದ ಏನೂ ಅಂದಿಲ್ಲ. ನೀನ ಹೋಗಿ ಹೇಳ್ತಿ ಅಂತ ಕಾಯಾಕ ಹತ್ತೇನಿ."

ಎದ್ದು ಹೋದೆ. ಬಾಯಿಗೆ ಹಿಂದಿ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ, ಉಳಿದ ಕಾಳನ್ನು ಬೆಹನ್‌ಜೀಯ ಮೇಜಿನ ಮೇಲೆ ಸುರಿದೆ. ಅವಳು ಕಾಳನ್ನು ನೋಡಿದಳು, ನನ್ನನ್ನು ನೋಡಿದಳು. ಮುಚ್ಚಿದ ಬಾಯಿಗಳನ್ನೆಲ್ಲ ನೀನೇ ಬಿಚ್ಚಿ, ಕಾಳು ತೆಗೆದು, ಮತ್ತೆ ಹೊಲಿ. ಒಂದು ಕಾಳು ಉಳಿದರೂ ಮನೆಗೆ ನಡೆ ಅಂದಳು. ಮಹಬೂಬಿಯ ಕೆಲಸ ಉಳಿಯಿತು. ಅವಳು ನನ್ನ ಜೊತೆ ಕೂತು ಮೂರು ದಿನ ಬಿಚ್ಚಲು ಕೈಹಚ್ಚಿದಳು, ಸಿಕ್ಕ ಕಾಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದಳು. ಕೊನೆಗೆ, "ಆ ಕಾಳ ಚೆಲ್ಲಬ್ಯಾಡ, ರೊಟ್ಟಿಗಿ ಬರ್ತಾವ," ಅಂದಳು. ನಾನು ಅತ್ತುಬಿಟ್ಟೆ.

ಅಂದಿನಿಂದ ಹೊಲಿದದ್ದನ್ನೆಲ್ಲ ಅಂಗೈಯಿಂದ ಸವರಿ ನೋಡುವುದು ನನಗೆ ಚಟವಾಯಿತು.

ಕೆಲವು ವರ್ಷಗಳ ಮೇಲೆ ಚಳಿಗಾಲಕ್ಕೆ ಬೈಲಹೊಂಗಲಕ್ಕೆ ಹೋದಾಗ ಅವ್ವನಿಗೊಂದು ಜಾಕೀಟು ಒಯ್ದಿದ್ದೆ. ತಮ್ಮನ ಮಕ್ಕಳು ಸುತ್ತ ನಿಂತು ನಗುತ್ತಿದ್ದರೂ ತೊಟ್ಟುಕೊಂಡಳು. "ಬೆಚ್ಚಗ ಐತಿ, ಹಗರೂ ಐತಿ. ಆದ್ರ ಹಸದೈತವಾ," ಅಂದಳು.

ಅವಳ ಕಣ್ಣು ಮಂಜಾಗಿತ್ತು, ಹೊಲಿಯುತ್ತಿದ್ದ ಕೌದಿಯ ಕೊನೆಯ ಮೂಲೆಯನ್ನು ನನಗೆ ಕೊಟ್ಟಳು. ಅಚ್ಚುಕಟ್ಟಾಗಿ ಮುಚ್ಚಿ, ದಾರ ಹರಿದು, ಅಂಗೈಯಿಂದ ಸವರಿದೆ. ಎಲ್ಲೂ ಏನೂ ತಾಗಲಿಲ್ಲ. ನನಗೆ ಸಮಾಧಾನವಾಯಿತು.

"ಕಾಳ ಹಾಕಿದೇನವಾ?" ಅಂದಳು ಅವ್ವ.

ನಾನು ಮೂಲೆಯನ್ನು ಮತ್ತೊಮ್ಮೆ ಸವರಿದೆ. ಅವ್ವ ಜೋಳದ ಬುಟ್ಟಿಯನ್ನು ನನ್ನತ್ತ ಸರಿಸಿದಳು. ನಾನು ಕತ್ತರಿ ತೆಗೆದುಕೊಂಡು ಮೂಲೆ ಬಿಚ್ಚತೊಡಗಿದೆ.