ದೋಣಿಯ ಕಾಲಿಗೆ ಬಡಿದ ತಗಡು

ಮೊನ್ನೆ ನೆಂಟರ ಮದುವೆ ಮುಗಿಸಿಕೊಂಡು ಬಂದು ಅಡುಗೆಮನೆಗೆ ಕಾಲಿಟ್ಟಾಗ, ಸಿಂಕಿನಲ್ಲಿ ಮರೆತುಹೋಗಿದ್ದ ಅಲ್ಯೂಮಿನಿಯಂ ಬೋಗುಣಿ ಕಣ್ಣಿಗೆ ಬಿತ್ತು. ಹೊರಡುವ ಗಡಿಬಿಡಿಯಲ್ಲಿ ಅದಕ್ಕೆ ಉಪ್ಪುನೀರು ತುಂಬಿ, ಪೂಜೆಯ ತಾಮ್ರದ ಚೊಂಬನ್ನು ಮುಳುಗಿಸಿ ಹೋಗಿದ್ದೆ. ಚೊಂಬಿಗೆ ಏನೂ ಆಗಿರಲಿಲ್ಲ. ಅದು ಕೂತಿದ್ದ ಜಾಗದಲ್ಲಿ ಬೋಗುಣಿಯ ತಳ ಮಾತ್ರ ಬಿಳಿ ಹಿಟ್ಟಿನಂತೆ ಎದ್ದಿತ್ತು. ಉಗುರಿನಿಂದ ಕೆರೆದರೆ ಉದುರಿತು, ಕೆಳಗೆ ಸಿಡುಬಿನ ಕಲೆಯ ಹಾಗೆ ಗುಳಿಗಳು. ಬೋಗುಣಿ ಹಾಳಾಯಿತಲ್ಲ ಎಂದು ನನಗೆ ಬೇಜಾರಾಗಲಿಲ್ಲ, ಮೈಯೆಲ್ಲ ಉರಿಯಿತು. ಈ ಬಿಳಿ ಹಿಟ್ಟನ್ನು ನಾನು ಮೊದಲು ನೋಡಿದ್ದು ಒಂದು ದೋಣಿಯ ಹಿಂಭಾಗದಲ್ಲಿ. ತೋರಿಸಿದವರು ನಮ್ಮ ಪಕ್ಕದ ಮನೆಯ ಮಾಮು. ಅವರು ಹೋಗಿ ವರ್ಷಗಳಾದವು... ನನ್ನ ಸಿಟ್ಟಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ.

ಶ್ರೀರಂಗಪಟ್ಟಣದಲ್ಲಿ ನಮ್ಮ ಅಪ್ಪನ ಮರಗೆಲಸದ ಕೊಟ್ಟಿಗೆಗೂ ಮಾಮುವಿನ ಮೆಕ್ಯಾನಿಕ್ ಶೆಡ್ಡಿಗೂ ನಡುವೆ ಒಂದೇ ಗೋಡೆ. ಈ ಕಡೆ ಉಳಿ ಸುತ್ತಿಗೆಯ ಸದ್ದು, ಆ ಕಡೆ ಮಾಮುವಿನ ಗಂಟಲು. ಕಬ್ಬು ಅರೆಯುವ ಕಾಲ ಬಂತೆಂದರೆ ಕ್ಯಾತನಹಳ್ಳಿ ಕಡೆಯ ಟ್ರಾಕ್ಟರುಗಳು ಶೆಡ್ಡಿನ ಮುಂದೆ ಸಾಲುಗಟ್ಟುತ್ತಿದ್ದವು. ಮಾಮು ಒಂದೊಂದರ ಬಾನೆಟ್ ಎತ್ತಿ, ಅದನ್ನು ಹಿಂದೆ ಮುಟ್ಟಿದ್ದ ಮೆಕ್ಯಾನಿಕ್ಕಿನ ವಂಶವನ್ನೆಲ್ಲ ಜಾಲಾಡುತ್ತಿದ್ದರು. “ಯಾವನ್ಲಾ ಈ ನಟ್ ಹಾಕ್ದೋನು? ಅವ್ನ್ ಕೈಗೆ ಸ್ಪ್ಯಾನರ್ ಕೊಟ್ಟೋನ್ ಯಾವನ್ಲಾ?” ಎಂದು ಕೂಗಿದರೆ ಬೀದಿಯ ಕೊನೆಯ ಬೇಕರಿಯವನೂ ತಲೆ ಎತ್ತುತ್ತಿದ್ದ. ವಿನಯ ಗಿನಯ ಅವರ ಹತ್ತಿರವೂ ಸುಳಿದಿರಲಿಲ್ಲ. ಒಮ್ಮೆ ಅಪ್ಪನ ಗರಗಸದ ಮೋಟರಿಗೆ ವೈರು ತಿರುಗಾಮುರುಗಾ ಕೊಟ್ಟು ಅದು ಹಿಂದಕ್ಕೆ ತಿರುಗಿದಾಗ, ತಪ್ಪು ಮೋಟರಿನದೇ ಎಂದು ಊಟದ ಹೊತ್ತು ಮೀರುವವರೆಗೂ ವಾದಿಸಿದ್ದರು. ಅವರೊಂದಿಗೆ ವಾದಕ್ಕಿಳಿದು ಗೆದ್ದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ, ಅವರ ಹೆಂಡತಿಯನ್ನು ಬಿಟ್ಟರೆ.

ನನ್ನ ಅಕ್ಕನನ್ನು ಕೊಟ್ಟಿದ್ದು ಬೂಕನಕೆರೆ ಕಡೆ, ಹಿನ್ನೀರಿನ ದಡದ ಒಂದು ಊರಿಗೆ. ಭಾವ ಅಕ್ಕಸಾಲಿಗರು. ಅವರು ಮಾಡಿದ ಬುಗುಡಿಯನ್ನು ಈಗಲೂ ಜಂಬದಿಂದ ತೋರಿಸುವ ಅಜ್ಜಿಯರಿದ್ದಾರೆ. ಆದರೆ ಜನ ರೆಡಿಮೇಡ್ ಒಡವೆ ಅಂಗಡಿಗಳ ಕಡೆ ತಿರುಗಿದ ಮೇಲೆ ಅವರ ಕುಲುಮೆ ತಣ್ಣಗಾಯಿತು. ಆಚೆ ದಡದ ಊರುಗಳಿಗೆ ರಸ್ತೆಯಲ್ಲಿ ಸುತ್ತಿ ಬಳಸಿ ಹೋಗುವವರನ್ನು ನೀರಿನ ಮೇಲೆ ದಾಟಿಸೋಣ ಎಂದು ಭಾವ ಕರಾವಳಿಯಿಂದ ಒಂದು ಹಳೆಯ ಮೋಟರ್ ದೋಣಿ ಕೊಂಡರು. ಭಾವ ಓಡಿಸುವುದು, ಅಕ್ಕ ಟಿಕೆಟ್ ಕೊಡುವುದು ಎಂದಾಯಿತು. ಮನೆಯ ಒಲೆ ಉರಿಯಬೇಕಾದರೆ ಇನ್ನು ಆ ದೋಣಿ ಓಡಬೇಕಿತ್ತು.

ಲಾರಿಯ ಮೇಲೆ ಬಂದ ದೋಣಿ ಮೊದಲು ಇಳಿದದ್ದು ಮಾಮುವಿನ ಶೆಡ್ಡಿನ ಮುಂದೆ. ಇಂಥ ದೋಣಿಯಲ್ಲಿ ಎಂಜಿನ್ ಒಳಗಿರುತ್ತದೆ. ಅದರ ಶಕ್ತಿಯನ್ನು ನೀರಿಗೆ ಮುಟ್ಟಿಸುವ ಭಾಗ ಹಿಂದುಗಡೆ ಹೊರಗೆ ಇಳಿಬಿದ್ದಿರುತ್ತದೆ. ಮೈಯೆಲ್ಲ ಅಲ್ಯೂಮಿನಿಯಂ, ಹೊಟ್ಟೆಯಲ್ಲಿ ಗೇರುಗಳು, ತುದಿಯಲ್ಲಿ ತಿರುಗುವ ರೆಕ್ಕೆ. ಸ್ಟರ್ನ್‌ಡ್ರೈವ್ ಎಂದು ಅದರ ಹೆಸರಂತೆ. ಮಾಮು ಅದನ್ನು ಕಾಲು ಎಂದೇ ಕರೆದರು, ನಾವೂ ಹಾಗೇ ಕರೆದೆವು. ನೋಡಲು ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಮಾಮು ಉಳಿಯ ತುದಿಯಿಂದ ಬಣ್ಣ ಎಬ್ಬಿಸಿದರು. ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಬಿಳಿ ಹಿಟ್ಟು. ಸಮುದ್ರದ ಉಪ್ಪು ತಿಂದು ಬಿಟ್ಟದ್ದರ ಮೇಲೆ ಮಾರಿದವನು ಮೆತ್ತಿ, ಬಣ್ಣ ಬಳಿದು ಕಳಿಸಿದ್ದ. ಕಾವೇರಿಯ ಸಿಹಿನೀರಲ್ಲಿ ಬೆಳೆದ ನಮಗೆ ಆ ಮೋಸ ಹೇಗೆ ತಾನೇ ಗೊತ್ತಾಗಬೇಕು? ಎಲ್ಲೋ ಕರಾವಳಿಯಲ್ಲಿ ಕೂತಿದ್ದ ಆ ಮನುಷ್ಯನಿಗೆ ಮಾಮು ಇಲ್ಲಿಂದಲೇ ಕೊಟ್ಟ ಬೈಗುಳ ಸಂಜೆಯವರೆಗೂ ನಿಲ್ಲಲಿಲ್ಲ.

ಮರುದಿನ ಕಾಲನ್ನು ಕಳಚಿದರು. ಕೊಳೆತದ್ದನ್ನೆಲ್ಲ ಕೊರೆದು ತೆಗೆದರು. ಮೈಸೂರಿಗೆ ಒಯ್ದು ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಸಿ ತಂದು, ಅರದಿಂದ ಉಜ್ಜಿ ಉಜ್ಜಿ ಹದಕ್ಕೆ ತಂದರು. ಸೀಲುಗಳನ್ನು ಬದಲಿಸಿದರು, ಕಾಲು ದೋಣಿಗೆ ಸೇರುವ ಕಡೆ ನೀರು ಒಳಬರದಂತೆ ತಡೆಯುವ ರಬ್ಬರ್ ತೋಳು ಹರಿದಿತ್ತು, ಅದನ್ನು ಕಿತ್ತು ಬೇರೆ ಹಾಕಿದರು. ಕೊನೆಗೆ ಕಾಲಿನ ಮೈಗೆ ಸತುವಿನ ಬಿಲ್ಲೆಗಳನ್ನು ಕೂರಿಸಿದರು. ನೀರು ಲೋಹವನ್ನು ತಿನ್ನದೆ ಬಿಡುವುದಿಲ್ಲ, ತಿನ್ನುವುದಾದರೆ ಬಿಲ್ಲೆಯನ್ನು ತಿನ್ನಲಿ, ಕಾಲನ್ನು ಬಿಡಲಿ ಎಂದು ಆ ಏರ್ಪಾಟು. ದೋಣಿ ಹಿನ್ನೀರಿಗೆ ಇಳಿದ ದಿನ ಊರಿನ ಅರ್ಧ ಜನ ದಡದಲ್ಲಿದ್ದರು. ಮಾಮು ಎಲ್ಲರ ಎದುರು ಎದೆ ತಟ್ಟಿಕೊಂಡರು. “ಈ ಕಾಲು ಕೈ ಕೊಡ್ತು ಅಂದ್ರೆ ನನ್ ಶೆಡ್ಡಿಗೆ ನಾನೇ ಬೀಗ ಜಡೀತೀನಿ, ನೋಡ್ಕಳಿ!” ಅಷ್ಟು ಜಂಬ ಬೇಕಿತ್ತೇ ಎಂದು ನಾನು ನಕ್ಕಿದ್ದೆ... ದೋಣಿ ಮಾತ್ರ ಸೊಗಸಾಗಿ ಓಡಿತು.

ಅಕ್ಕಸಾಲಿಗರ ಮನೆಯಲ್ಲಿ ಆಯುಧಪೂಜೆ ಎಂದರೆ ಸಣ್ಣ ಸಂಗತಿಯೇನಲ್ಲ. ಆ ವರ್ಷ ಚಿಮಟ, ತಕ್ಕಡಿ, ಸುತ್ತಿಗೆಗಳ ಜೊತೆ ದೋಣಿಗೂ ಪೂಜೆಯಾಯಿತು. ಭಾವ ಸ್ನಾನ ಮಾಡಿ ಮಡಿಯಲ್ಲಿ ಕೂತು, ತಾಮ್ರದ ತಗಡಿನ ಮೇಲೆ ಊರದೇವಿಯ ಯಂತ್ರವನ್ನು ತಾವೇ ಕೊರೆದರು. ಬಹಳ ದಿನದಿಂದ ಸುಮ್ಮನಿದ್ದ ಕೈ, ಆಸೆಪಟ್ಟು ಕೆಲಸ ಮಾಡಿತ್ತು. ಬಸ್ಸು ಲಾರಿಗಳಲ್ಲಿ ಇಂಥ ತಗಡನ್ನು ಡ್ರೈವರನ ಮುಂದೆ ಕಟ್ಟುತ್ತಾರೆ. ಭಾವ ಮಾತ್ರ, ರೋಗ ಬಂದ ಜಾಗಕ್ಕೇ ರಕ್ಷೆ ಬೇಕು ಎಂದು, ಸದಾ ನೀರಿನಲ್ಲಿ ಮುಳುಗಿರುವ ಆ ಕಾಲಿಗೇ ಅದನ್ನು ಇಟ್ಟು ತಾಮ್ರದ ರಿವೀಟು ಹೊಡೆದರು. ಭಕ್ತಿಯಲ್ಲೂ ಕೊರತೆಯಿರಲಿಲ್ಲ, ಕೆಲಸದಲ್ಲೂ ಇರಲಿಲ್ಲ. ಅಂದು ಮಾಮುವಿಗೆ ತಮ್ಮ ಶೆಡ್ಡಿನಲ್ಲೇ ಕೈತುಂಬ ಕೆಲಸವಿತ್ತು, ಅವರು ಬಂದಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಾಲಿನೊಳಗಿನ ಗೇರ್ ಆಯಿಲ್ ಹಾಲು ಹಾಕಿದ ಟೀಯಂತಾಯಿತು. ಎಲ್ಲೋ ನೀರು ಒಳಕ್ಕೆ ನುಗ್ಗುತ್ತಿತ್ತು. ಮಾಮುವಿಗೆ ಹೇಳಿಕಳಿಸಿದರು. ನಾನೂ ಅಕ್ಕನನ್ನು ನೋಡುವ ನೆಪದಲ್ಲಿ ಅವರ ಜೊತೆ ಬಸ್ಸು ಹತ್ತಿದೆ. ದಡಕ್ಕೆಳೆದಿದ್ದ ದೋಣಿಯ ಹಿಂದೆ ಅವರು ಕುಕ್ಕರುಗಾಲಲ್ಲಿ ಕೂತರು. ತಗಡಿನ ಸುತ್ತ ಅಲ್ಯೂಮಿನಿಯಂ ಪದರ ಪದರವಾಗಿ ಏಳುತ್ತಿತ್ತು. ಬೆರಳಿಟ್ಟರೆ ಬಿಳಿ ಹಿಟ್ಟು. ಸತುವಿನ ಬಿಲ್ಲೆಗಳು ಹೇಳಹೆಸರಿಲ್ಲದೆ ಕರಗಿಹೋಗಿದ್ದವು. ಇನ್ನೇನು ಹಿನ್ನೀರು ನಡುಗುವ ಹಾಗೆ ಕೂಗುತ್ತಾರೆ ಎಂದು ನಾನು ಕಾದೆ. ಮಾಮು ಬಾಯಿ ತೆರೆಯಲಿಲ್ಲ. ಎದ್ದು ನನ್ನನ್ನು ಅತ್ತ ಕರೆದು, ಪಿಸುಗುಟ್ಟುವ ಧ್ವನಿಯಲ್ಲಿ ಹೇಳಿದರು: “ನೀರಾಗೆ ತಾಮ್ರ ಪಕ್ದಾಗಿದ್ರೆ ಅಲ್ಯೂಮಿನಿಯಂ ಕರಗೋಯ್ತದೆ ಬೇಟಿ. ಅದ್ನ ಅಲ್ಲಿಂದ ತೆಗ್ದು ದೋಣಿ ಒಳಗೆ ಮರದ ಮೇಲೆ ಆಕ್ಕೊಳಕ್ಕೇಳು. ನಾನ್ ಏಳಲ್ಲ. ಮುಟ್ಟದೂ ಇಲ್ಲ. ನಿಮ್ ಭಾವಂಗೆ ನೀನೇ ಏಳು.”

ನಾನು ಹೇಳಿದೆ. ನನ್ನದೇ ಮಾತಿನಂತೆ, ಮಾಮುವಿನ ಹೆಸರೆತ್ತದೆ ಹೇಳಿದೆ. ಭಾವ ಕೆಂಡವಾದರು. “ಉಟ್ದಾಗಿಂದ ತಾಮ್ರ ಬಡ್ಕೊಂಡ್ ಬಂದಿವ್ನಿ, ನಂಗೆ ಲೋಹದ್ ಪಾಠ ಏಳ್ತೀಯಾ? ದೇವ್ರ ತಗಡು ಕಾಲ್ನ ತಿಂದಾತಾ?” ಅಲ್ಲೇ ನಿಂತಿದ್ದವರಲ್ಲಿ ಒಬ್ಬ ನಕ್ಕ. “ರಿಪೇರಿ ಕೆಡಿಸ್ಬುಟ್ಟು ಈಗ ನಮ್ ದೇವ್ರ ಮೇಲಾಕ್ತಾವ್ನೆ ಸಾಬ” ಎಂದ. ಆ ಮಾತು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗಿ, ಎದುರಿನ ಟೀ ಅಂಗಡಿ ಮುಟ್ಟುವ ಹೊತ್ತಿಗೆ ಮಾಮು ತಗಡನ್ನು ಕಿತ್ತೆಸೆಯಲು ಹೋಗಿದ್ದರು ಎಂದಾಗಿತ್ತು. ದೇವರ ಸುದ್ದಿಯನ್ನೇ ಎತ್ತದ ಮನುಷ್ಯನ ಮೇಲೆ! ನಾನು ಗಂಟಲು ಹರಿಯುವ ಹಾಗೆ ಕೂಗಾಡಿದೆ. “ನೀನ್ ಸುಮ್ಕಿರವ್ವ, ಎಂಗ್ಸು ನಿಂಗ್ಯಾಕೆ ಇವೆಲ್ಲ” ಎಂದರು ಅಲ್ಲಿದ್ದ ಗಂಡಸರು. ಅಕ್ಕ ನನ್ನ ಸೆರಗು ಹಿಡಿದು ಒಳಗೆಳೆದಳು. ಇಷ್ಟಕ್ಕೂ ಮಾಮು ಅತ್ತ ತಿರುಗಿ ನೋಡಲಿಲ್ಲ. ತಗಡಿನ ಸುತ್ತ ಆದಷ್ಟು ಕೆರೆದು, ತೂತು ಮುಚ್ಚಿ, ಸೀಲು ಬದಲಿಸಿ, ಒಂದರ ಜಾಗಕ್ಕೆ ಎರಡೆರಡು ಬಿಲ್ಲೆ ಹಾಕಿದರು. ತಗಡಿಗೆ ಒಂದು ಗೀರೂ ಬೀಳದ ಹಾಗೆ ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಕೆಲಸ ಮಾಡಿದರು. ಹೊರಡುವಾಗ ಭಾವನಿಗೆ ಹೇಳಿದ್ದು ಇಷ್ಟೇ: “ಇದು ಮಳೆಗಾಲ ಮುಗ್ಯೋ ತನ್ಕ ಬರ್ತದೆ. ಆಮೇಲೆ ನೀರ್ಗೆ ಬುಡ್ಬೇಡಿ, ಕೈ ಮುಗೀತೀನಿ.”

ಬಸ್ಸಿನಲ್ಲಿ ನಾನು ಅವರ ಮೇಲೇ ಹರಿಹಾಯ್ದೆ. ಊರೆಲ್ಲ ಕಿವಿ ಮುಚ್ಚಿಕೊಳ್ಳುವ ಹಾಗೆ ಬೈಯುವವರು ಇವತ್ತು ಯಾಕೆ ಮೂಕರಾದಿರಿ ಎಂದು ಕೇಳಿದೆ. ಪಾಂಡವಪುರ ದಾಟುವವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಆಮೇಲೆ ಹೇಳಿದರು: “ನಟ್ಟು ಬೋಲ್ಟಿನ್ ವಿಚಾರ ಆಗಿದ್ರೆ ಯಾರ್ ತಾವ್ ಬೇಕಾದ್ರೂ ಜಗಳ ಆಡ್ತಿದ್ದೆ ಬೇಟಿ. ಅದ್ರ ಮೇಲೆ ದೇವ್ರವ್ರೆ. ನನ್ ಬಾಯಿಂದ ತಾಮ್ರ ಅಂತ ಬಂದ್ರೂ ಯಾರೂ ಅದ್ನ ತಾಮ್ರದ್ ಮಾತು ಅಂತ ತಕ್ಕೊಳಲ್ಲ.” ನನಗೆ ಅವರ ಮೇಲೂ ಸಿಟ್ಟು ಬಂತು. ಇವತ್ತಿಗೂ ಬರುತ್ತದೆ. ಅಷ್ಟು ದೊಡ್ಡ ಗಂಟಲನ್ನು ಒಂದು ಅಂಗೈಯಗಲದ ತಗಡಿನ ಮುಂದೆ ಹೀಗೆ ಮುಚ್ಚಿಕೊಳ್ಳಬೇಕಾಗಿ ಬಂತಲ್ಲ ಎಂದು.

ಮಳೆಗಾಲ ಕಳೆಯಿತು. ಭಾವ ದೋಣಿಯನ್ನು ನಿಲ್ಲಿಸಲಿಲ್ಲ. ಆಚೆ ದಡದ ಬೀಗರೂಟಕ್ಕೆಂದು ಹೆಂಗಸರು ಮಕ್ಕಳು ತುಂಬಿ ಹೊರಟ ಒಂದು ದಿನ, ನಡುನೀರಿನಲ್ಲಿ ಕಾಲು ಆ ತಗಡಿದ್ದ ಜಾಗದಲ್ಲೇ ಸೀಳಿತು. ರಬ್ಬರ್ ತೋಳು ಹರಿದು ದೋಣಿಯೊಳಕ್ಕೆ ನೀರು ನುಗ್ಗಿತು. ಮೀನು ಹಿಡಿಯುವವರು ತೆಪ್ಪ ತಂದು ಎಲ್ಲರನ್ನೂ ದಡ ಮುಟ್ಟಿಸಿದರು, ಯಾರಿಗೂ ಏನೂ ಆಗಲಿಲ್ಲ. ಅಕ್ಕ ಮುಳುಗುತ್ತಿದ್ದ ದೋಣಿಯೊಳಗೇ ಎದೆಮಟ್ಟದ ನೀರಿನಲ್ಲಿ ಯಾರದೋ ಮಗುವನ್ನು ತಲೆಯ ಮೇಲೆತ್ತಿ ನಿಂತಿದ್ದಳಂತೆ. ಸಂಜೆಯ ಹೊತ್ತಿಗೆ ಊರಿನ ತೀರ್ಪು ಹೊರಬಿದ್ದಿತ್ತು: ದೇವಿ ತಗಡಿತ್ತು, ಅದಕ್ಕೇ ಜೀವ ಉಳಿಯಿತು, ಸಾಬನ ರಿಪೇರಿ ಇತ್ತು, ಅದಕ್ಕೇ ಕಾಲು ಮುರಿಯಿತು. ಭಾವ ಆ ಮಾತನ್ನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನೀರಿಗೆ ಬಿಡಬೇಡಿ ಎಂದು ಆ ಮನುಷ್ಯ ಕೈಮುಗಿದು ಹೋಗಿದ್ದರು ಎಂಬ ಒಂದೇ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಸಾಕಿತ್ತು.

ಸುದ್ದಿಗೆ ಎಂಜಿನ್ ಬೇಕಾಗುವುದಿಲ್ಲ, ಅದು ಮಾಕವಳ್ಳಿಯವರೆಗೂ ಓಡಿತು. ಆ ಸಲದ ಕಬ್ಬಿನ ಕಾಲದಲ್ಲಿ ಶೆಡ್ಡಿನ ಮುಂದೆ ಟ್ರಾಕ್ಟರುಗಳು ನಿಲ್ಲಲಿಲ್ಲ. ದೋಣಿ ಮುಳುಗಿಸಿದವನು ಎಂದು ಹಿಂದಿನಿಂದ ಆಡಿಕೊಂಡರು. ಒಂದು ಬೆಳಿಗ್ಗೆ ಗೋಡೆಯಾಚೆ ಸದ್ದಿಲ್ಲದ್ದನ್ನು ನೋಡಿ ಹೊರಗೆ ಬಂದರೆ ಮಾಮು ಶೆಡ್ಡಿಗೆ ಬೀಗ ಹಾಕುತ್ತಿದ್ದರು. “ಎಲ್ರ ಮುಂದೆ ಏಳಿದ್ನಲ್ಲ, ಮಾತು ಅಂದ್ರೆ ಮಾತು” ಎಂದರು. ನಾಗಮಂಗಲದಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಅಲ್ಲಿ ಅವರು ಸ್ಪ್ಯಾನರ್ ಮುಟ್ಟಲಿಲ್ಲವಂತೆ, ಯಾರ ಮೇಲೂ ಕೂಗಲಿಲ್ಲವಂತೆ. ತೀರಿಕೊಂಡ ಸುದ್ದಿ ಬಂದಾಗ ಅಪ್ಪ ಅಂದಿನ ಕೆಲಸ ನಿಲ್ಲಿಸಿ ಉಳಿಗಳನ್ನೆಲ್ಲ ಚೀಲಕ್ಕೆ ತುಂಬಿಟ್ಟರು. ಅಷ್ಟು ಗಲಾಟೆಯ ಮನುಷ್ಯ ಅಷ್ಟು ಸದ್ದಿಲ್ಲದೆ ಹೋದದ್ದನ್ನು ನನಗೆ ಈಗಲೂ ಸಹಿಸಲಾಗುವುದಿಲ್ಲ...

ಅಂದಿನಿಂದ ನಾನು ಆ ದೋಣಿ ಹತ್ತಿರಲಿಲ್ಲ. ಅಕ್ಕನೇ ಬಂದು ನೋಡಿಕೊಂಡು ಹೋಗುತ್ತಿದ್ದಳು. ಈ ವಾರ ಅವಳಿಗೆ ಮಂಡಿನೋವು ಜಾಸ್ತಿಯೆಂದು ನಾನೇ ಹೋದೆ. ಆಚೆ ದಡದಲ್ಲಿ ಮಂಡಿಗೆ ಎಣ್ಣೆ ತಿಕ್ಕುವವರಿದ್ದಾರೆಂದು ಅವಳನ್ನು ಕರೆದುಕೊಂಡು ದೋಣಿ ಹತ್ತಲೇಬೇಕಾಯಿತು. ಮುಳುಗಿದ್ದ ದೋಣಿಯನ್ನು ಎತ್ತಿಸಿ ರಿಪೇರಿ ಮಾಡಿಸಿದ್ದರು, ಹಿಂದುಗಡೆ ಹೊಸ ಕಾಲಿತ್ತು. ಭಾವ ಹಿಡಿದಿದ್ದ ಸ್ಟೇರಿಂಗಿನ ಮೇಲುಗಡೆ, ಒಣಗಿದ ಮರದ ಹಲಗೆಯ ಮೇಲೆ ಆ ತಾಮ್ರದ ತಗಡು ಹುಣಸೆಹಣ್ಣಿನಲ್ಲಿ ತೊಳೆದು ಫಳಫಳ ಹೊಳೆಯುತ್ತಿತ್ತು. ಮಾಮು ಬೇಡಿಕೊಂಡಿದ್ದ ಜಾಗವೇ ಅದು.

“ಇದು ಯಾವಾಗ ಒಳಗೆ ಬಂತು?” ಎಂದೆ.

“ಒಸ ಕಾಲು ಕೂರ್ಸಕ್ಕೆ ಬಂದಿದ್ದೋನು ತಾಮ್ರ ನೀರ್ಗೆ ಬ್ಯಾಡ ಅಂದ, ಕಿತ್ತು ಇಲ್ಲಿಗಾಕ್ದೆ” ಎಂದರು ಭಾವ, ಗಾಳಿ ಯಾವ ಕಡೆಗಿದೆ ಎಂದು ಹೇಳುವಷ್ಟು ಸಲೀಸಾಗಿ.

“ಮಾಮೂನೂ ಅದನ್ನೇ ಅಂದಿದ್ರಲ್ಲ ಭಾವ.”

“ಅವ್ರೆಲ್ಲಿ ನಂಗಂದ್ರು? ಅಂದೋಳು ನೀನು.”

ಮಾಮುವಿನ ಬಾಯಿ ಕಟ್ಟಿದವರೇ ಈಗ ಅವರು ಬಾಯಿ ಬಿಡಲಿಲ್ಲ ಎನ್ನುತ್ತಾರೆ! ಅಕ್ಕ ಸೆರಗಿಗೆ ಕೈ ಹಾಕಿದಳು, ಬಿಡಿಸಿಕೊಂಡೆ. ದೋಣಿಯ ನಡುವೆ ಎದ್ದು ನಿಂತು, ಎಂಜಿನ್ ಸದ್ದಿನ ಮೇಲೆ ಕೇಳುವ ಹಾಗೆ, ಸಂತೆಗೆ ಹೊರಟಿದ್ದ ಅಷ್ಟೂ ಜನಕ್ಕೆ ಹೇಳಿದೆ. ಈ ತಗಡು ಮೊದಲು ಎಲ್ಲಿತ್ತು, ಅದನ್ನು ಒಳಗೆ ತನ್ನಿ ಎಂದವರು ಯಾರು, ಮಳೆಗಾಲದ ಮೇಲೆ ದೋಣಿ ಬಿಡಬೇಡಿ ಎಂದು ಕೈಮುಗಿದವರು ಯಾರು, ಆಮೇಲೆ ಅವರನ್ನು ಏನೆಂದು ಕರೆದಿರಿ ಎಂಬುದೆಲ್ಲವನ್ನೂ ಹೇಳಿದೆ. ಭಾವ ನೀರು ನೋಡುತ್ತ ಸ್ಟೇರಿಂಗ್ ಹಿಡಿದೇ ಇದ್ದರು. ಅಲ್ಲ ಎನ್ನಲಿಲ್ಲ. ಈ ಸಲ ಆ ಸುಮ್ಮನಿರುವುದು ನನ್ನ ಮಾತಿಗೆ ಸಾಕ್ಷಿಯಾಯಿತು.

ಮೂಲೆಯಲ್ಲಿ ಸೊಪ್ಪಿನ ಮಂಕರಿ ಇಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿ ನನ್ನತ್ತ ಬಗ್ಗಿ ಕೇಳಿದಳು:

“ಅಂಗಾರೆ ಅವ್ರು ಚೆಂದಾಗ್ ರಿಪೇರಿ ಮಾಡ್ತಿದ್ರು ಅನ್ನು. ನಮ್ ಪಂಪ್‌ಸೆಟ್ಟು ಕೆಟ್ಟು ಕುಂತದೆ ಕಣವ್ವ. ಅವ್ರ್ನ ಒಸಿ ಕರ್ಸಕಾಯ್ತದಾ?”

ಎಷ್ಟೋ ವರ್ಷಗಳ ಮೇಲೆ ಒಬ್ಬರು ಮಾಮುವನ್ನು ಕೆಲಸಕ್ಕೆ ಕರೆದಿದ್ದರು. ಅವರಿಲ್ಲ ಅಜ್ಜಿ, ತೀರಿಕೊಂಡರು ಎಂದೆ. ಅಜ್ಜಿ ಲೊಚಗುಟ್ಟಿ ಮಂಕರಿಯನ್ನು ಹತ್ತಿರಕ್ಕೆಳೆದುಕೊಂಡಳು. ದಡ ಬಂತು, ಎಲ್ಲರೂ ಇಳಿದರು.