ಗೋಡೆ ಏರಿದ ಗಂಡ

ಸೀರಿಯಲ್ ನಿಂತ ಮೇಲೆ ನಟಿಯರು ಏನಾಗುತ್ತಾರೆ ಎಂದು ಕೇಳುವವರು ನಾರಾಯಣಪೇಟೆಗೆ ಬಂದು ನಮ್ಮ ಶೈಲಜಾಳನ್ನು ನೋಡಬೇಕು. ಹೈದರಾಬಾದಿನ ತೆಲುಗು ಸೀರಿಯಲ್ಲಿನಲ್ಲಿ, ಹೊಳೆಗೆ ಬಿದ್ದ ಗಂಡನ, ಗೋಡೆಯ ಮೇಲೆ ಹಾರ ಹಾಕಿದ ಫೋಟೋದ ಮುಂದೆ ವರ್ಷಗಟ್ಟಲೆ ಅತ್ತಳು. ಆತ ಈಜಿಕೊಂಡು ವಾಪಸ್ ಬರುವ ಮೊದಲೇ, ತೆಲಂಗಾಣ ರಾಜ್ಯವಾದ ವರ್ಷ, ಸೀರಿಯಲ್ಲೇ ಮುಳುಗಿತು. ಈಗ ವೆಂಕಟಯ್ಯನ ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆಯ ಸೆರಗು ಬಿಡಿಸಿ ತೋರಿಸುತ್ತಾಳೆ. ಬೆಲೆ ಹೇಳುವ ಮೊದಲು ಮೂರು ಸಲ ಮುಖ ತಿರುಗಿಸುತ್ತಾಳೆ, ಸೀರಿಯಲ್ಲಿನ ಹಳೆಯ ಚಟ. ಚೌಕಾಸಿ ಜಾಸ್ತಿಯಾದರೆ ಗ್ಲಿಸರಿನ್ ಇಲ್ಲದೆ ಅಳುತ್ತಾಳೆ. ಮಕ್ತಲದ ಬೀಗತಿಯರು ಅವಳ ಜೊತೆ ಸೆಲ್ಫಿ ತೆಗೆಸಿಕೊಳ್ಳುತ್ತಾರೆ, ಮದುವೆ ಸೀರೆ ಮಾತ್ರ ಅವಳ ಕೈಯಿಂದ ಬೇಡ: "ಗಂಡ ಸತ್ತಾಕಿ ಅದಾಳ್ರೀ, ಟೀವಿನ್ಯಾಗ ನಾವೇ ನೋಡೀವಿ." ಅದಕ್ಕೆ ಅವಳ ನಿಜವಾದ ಗಂಡ ಕಾಂತೇಶ ದಿನಾ ಅಂಗಡಿ ಬಾಗಿಲಲ್ಲಿ ನಿಂತು, "ಬದುಕೀನ್ರೀ ಯವ್ವಾ, ಬೇಕಾದ್ರ ಚಿವುಟಿ ನೋಡ್ರಿ" ಎನ್ನುತ್ತಾನೆ. ಅಲ್ಲ ತಾಯಂದಿರೇ, ನಿಜವಾಗಿ ಗಂಡ ಸತ್ತವಳು ಮುಟ್ಟಿದರೆ ಸೀರೆ ಬಣ್ಣ ಬಿಡುತ್ತದೆಯೇ? ಅದನ್ನು ನೇಯ್ದ ಮಗ್ಗದ ಮೇಲೆ ಎಷ್ಟು ವಿಧವೆಯರ ಕೈ ಆಡಿದೆ, ಕೇಳಿದ್ದೀರಾ? ಮೊನ್ನೆ ಕಾಂತೇಶ ಜ್ವರ ಬಂದು ಮಲಗಿದ. ವೆಂಕಟಯ್ಯ ಅಂದ: "ಮದುವಿ ಸೀರಿ ಮಾರಲಿಲ್ಲಂದ್ರ ನಿನ್ನ ನೌಕರಿ ನಡಿಯಂಗಿಲ್ಲವ್ವ. ಆತನ ಫೋಟೋ ಕೊಡು, ಗೋಡಿಗೆ ಹಾಕೋಣು, ಗಂಡ ಅದಾನಂತ ಗಿರಾಕಿಗೆ ನಂಬಿಕಿ ಬರ್ತೈತಿ." ಶೈಲಜಾ ಕೈಯಲ್ಲಿದ್ದ ಸೀರೆ ಮಡಿಸಿಟ್ಟಳು. ಆಮೇಲೆ ಮುಖ ತಿರುಗಿಸದೆ, ಅಳದೆ, ಚಪ್ಪಲಿ ಮೆಟ್ಟಿಕೊಂಡಳು: "ಒಬ್ಬ ಗಂಡ ಗೋಡಿ ಏರಿದಾಂವ ಇಳಿದು ಬರಲೇ ಇಲ್ರೀ ಸಾವ್ಕಾರ್ರ. ಇನ್ನೊಬ್ಬನ್ನ ನಾ ಏರ್ಸಂಗಿಲ್ಲ."