ಪರಮಣ್ಣನ ನಾಟಕ, ಸೊಸೆಯ ಕಂಪೈಲರ್

ಗೋಗಿಯಲ್ಲಿ ಯಾವ ನಾಟಕ ಆಡಿದರೂ ಜನ ನೋಡುವುದು ರಾಜನನ್ನು, ಕೇಳುವುದು ಪರಮಣ್ಣನನ್ನು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಟರಿಗೆ ಮಾತು ಎತ್ತಿಕೊಡುವುದು ಇಪ್ಪತ್ತೈದು ವರ್ಷಗಳಿಂದ ಅವನ ಕೆಲಸ. ಆದರೆ ಪಿಸುಗುಡುವುದು ಆ ಗಂಟಲಿಗೆ ಒಗ್ಗಿ ಬಂದದ್ದಲ್ಲ. ಮೊದಲು ಅವನ ದನಿ ಕೇಳುತ್ತದೆ, ಆಮೇಲೆ ನಟನದು.

ಅವನ ಸೊಸೆ ಸುಮಲತಾ ಕಂಪ್ಯೂಟರ್ ಓದಿದವಳು. ಸುರಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಜಾಗ ಒಂದೇ ಒಂದು ಖಾಲಿ ಇತ್ತು. ಮಕ್ಕಳ ಮುಂದೆ ಅರ್ಧ ತಾಸು ಪಾಠ ಮಾಡಿ ತೋರಿಸಬೇಕು. ಅವರಿಗೆ ತಿಳಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಹೀಗೆ ಎರಡು ಕಡೆ ಹೋಗಿ ಬರಿಗೈಯಲ್ಲಿ ಬಂದವಳು ಅವಳು. ಈ ಸಲದ ಪಾಠ, ಕಂಪೈಲರ್ ಮತ್ತು ಇಂಟರ್‌ಪ್ರಿಟರ್. ಹಿಂದಿನ ದಿನ ಪಡಸಾಲೆಯಲ್ಲಿ ಮಾವನನ್ನೇ ಕೂರಿಸಿಕೊಂಡು ತಾಲೀಮು ಶುರು ಮಾಡಿದಳು.

"ಯವ್ವಾ, ನನಗ ಒಂದಕ್ಷರ ತಿಳೀಲಿಲ್ಲ. ಬಿಡಿಸಿ ಹೇಳು."

"ಮಾವಾರ, ನಾವು ಬರದದ್ದು ಮಷೀನಿಗಿ ತಿಳಿಯಂಗಿಲ್ರಿ. ಅದರ ಭಾಷಾಕ್ಕ ತಿರುವಬೇಕು. ಕಂಪೈಲರ್ ಪೂರಾ ಬರದದ್ದು ಮೊದಲೇ ತಿರುವಿ ಇಡ್ತದ. ತಪ್ಪಿದ್ರ ಅಲ್ಲೇ ಹಿಡಿತದ, ಮುಂದ ಬಿಡಂಗಿಲ್ಲ. ಒಮ್ಮಿ ತಯಾರಾತಂದ್ರ ಓಟ ಜೋರು. ಇಂಟರ್‌ಪ್ರಿಟರ್ ಹಂಗಲ್ಲ. ಒಂದು ಸಾಲು ಓದ್ತದ, ಮಾಡ್ತದ. ಮತ್ತೊಂದು ಓದ್ತದ, ಮಾಡ್ತದ."

ಪರಮಣ್ಣ ತೊಡೆ ತಟ್ಟಿದ. "ಇದಕ್ಕ ಇಷ್ಟು ದಪ್ಪ ಪುಸ್ತಕ ಯಾಕ ಬೇಕು? ಇದು ನಮ್ಮ ಸುಲ್ತಾನಸಾಬ, ಭಾಗಣ್ಣ!"

ಇಬ್ಬರೂ ಊರಿನ ನಟರು. ಸುಲ್ತಾನಸಾಬ ಇಡೀ ಪಾರ್ಟನ್ನು ಮನೆಯಲ್ಲೇ ಬಾಯಿಪಾಠ ಮಾಡಿ ಬರುವವನು. ಪುಸ್ತಕದಲ್ಲಿ ತಪ್ಪಿದ್ದರೆ ತಾಲೀಮಿಗೆ ಮೊದಲೇ ಜಗಳ ತೆಗೆಯುತ್ತಾನೆ. ಭಾಗಣ್ಣ ಪುಟ ತಿರುವಿದವನಲ್ಲ. ಪರಮಣ್ಣ ಅಂದದ್ದನ್ನು ಅನ್ನುತ್ತಾನೆ, ಅಷ್ಟೇ.

"ಹೋದ ವರ್ಸ ಭಾಗಣ್ಣಗ ಮಂತ್ರಿ ತಲಿ ಕಡಿ ಅಂದೆ, ಕಡದ. ಎರಡು ಪುಟ ದಾಟಿ ನೋಡ್ತೀನಿ, ಅದೇ ಮಂತ್ರಿ ಹಾಡು ಹೇಳೋದದ! ಸತ್ತಾಂವ ಎದ್ದು ಹಾಡಬೇಕೇನು? ನಾಟಕ ಅಲ್ಲೇ ನಿಂತುಬಿಡ್ತು. ನಾನು ಸಿಟ್ಟಿಗೆದ್ದು ಲೈಟಿನವಗ, 'ಲೈಟ್ ತಗೀಲೇ ಮಂಗ್ಯಾ' ಅಂದ್ರ, ಅದನ್ನೂ ರಾಣಿಗಿ ಕೈ ಮುಗದು ಹೇಳಿಬಿಟ್ಟ!"

ಸುಮಲತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೆ ಅದನ್ನು ಬರೆದುಕೊಳ್ಳಲಿಲ್ಲ. "ಕಾಲೇಜಿನ್ಯಾಗ ಭಾಗಣ್ಣನ ಹೆಸರು ಹೇಳಾಕ ಬರ್ತದೇನ್ರಿ ಮಾವಾರ?"

ಮರುದಿನ ಜೊತೆಗೆ ಹೋದ ಪರಮಣ್ಣ ತರಗತಿಯ ಕಿಟಕಿ ಪಕ್ಕ ನಿಂತ. ಒಳಗೆ ಸೊಸೆ ಕಲಿತ ಇಂಗ್ಲಿಷನ್ನೆಲ್ಲ ಸುರಿದಳು. ಮಕ್ಕಳು ಗೋಡೆ ನೋಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತ ಪ್ರಾಂಶುಪಾಲೆ ರೇಣುಕಾದೇವಿ ಗಡಿಯಾರ ನೋಡಿದರು, ಮತ್ತೊಮ್ಮೆ ನೋಡಿದರು. ಸುಮಲತಾಳ ಮಾತು ನಿಂತಿತು. ಮಾತು ನಿಂತರೆ ಪರಮಣ್ಣನ ಬಾಯಿ ಸುಮ್ಮನಿರುತ್ತದೆಯೇ?

"ಭಾಗಣ್ಣ! ಭಾಗಣ್ಣನ್ನ ತಗೀ!"

ತರಗತಿ ಹೋ ಎಂದು ನಕ್ಕಿತು. ಇನ್ನು ಹೋಗಲು ಮರ್ಯಾದೆ ಏನು ಉಳಿದಿದೆ ಎಂದು ಸುಮಲತಾ ಪುಸ್ತಕ ಮುಚ್ಚಿ ಊರಿನ ಇಬ್ಬರು ನಟರ ಕಥೆ ಹೇಳಿದಳು. ಕಂಪೈಲರ್ ತಿರುವುವ ಸಿ ಭಾಷೆ ಸುಲ್ತಾನಸಾಬ ಇದ್ದಂತೆ, ಇಂಟರ್‌ಪ್ರಿಟರ್ ಓದುವ ಪೈಥಾನ್ ಭಾಷೆ ಭಾಗಣ್ಣ ಇದ್ದಂತೆ. ಮಂತ್ರಿಯ ತಲೆ ಉರುಳುವ ಹೊತ್ತಿಗೆ ಗೋಡೆ ನೋಡುವವರು ಒಬ್ಬರೂ ಇರಲಿಲ್ಲ.

ಒಬ್ಬ ಹುಡುಗಿ ಎದ್ದು ನಿಂತಳು. "ಹಂಗಾರ ಸುಲ್ತಾನಸಾಬಂದೇ ಛಲೋ ಅಲ್ರಿ ಮೇಡಂ?"

"ಛಲೋನ! ಭಾಗಣ್ಣ ದಂಡಪಿಂಡ!" ಕಿಟಕಿ ಉತ್ತರ ಕೊಟ್ಟಿತು.

ಮದುವೆಯಾದ ನಾಲ್ಕು ವರ್ಷದಲ್ಲಿ ಮಾವನಿಗೆ ಎದುರಾಡದ ಸೊಸೆ ಅತ್ತ ತಿರುಗಿದಳು. "ಇಲ್ರಿ ಮಾವಾರ, ತಪ್ಪು. ನಾಟಕದ ದಿನ ಒಂದು ಮಾತು ಬದಲಿ ಮಾಡ್ರಿ ನೋಡೋಣ. ಸುಲ್ತಾನಸಾಬ ಮೊದಲಿಂದ ಬಾಯಿಪಾಠಕ್ಕ ಕೂಡ್ತಾನ. ಭಾಗಣ್ಣ? ಹೊಸಾದು ಹೇಳಿದ್ರ ಹೊಸಾದು ಅಂತಾನ. ಜೋರು ಓಡೋ ಕೆಲಸಕ್ಕ ಅವ, ದಿನಾ ಬದಲಾಗೋ ಕೆಲಸಕ್ಕ ಇವ. ಇಬ್ರೂ ಬೇಕು."

ಪರಮಣ್ಣನ ಮುಖ ಮೆಣಸಿನಕಾಯಿ ಆಯಿತು. ಅವನಿಗೆ ಮಾತು ಎತ್ತಿಕೊಡುವವರು ಅಲ್ಲಿ ಯಾರೂ ಇರಲಿಲ್ಲ.

ರೇಣುಕಾದೇವಿ ಎದ್ದರು. "ಸೋಮವಾರದಿಂದ ಬರ್ರಿ."

"ಆಯ್ತ್ರಿ, ಬರ್ತೀವ್ರಿ!" ಎಂದ ಪರಮಣ್ಣ.

"ನೀವಲ್ರಿ ಯಜಮಾನ್ರ. ಅವರಷ್ಟ."